ಒಂದೇ ಅಳತೆ, ಬೇರೆ ಬೇರೆ ಗ್ರೋಮೆಟ್: ರಬ್ಬರ್‌-ಪ್ಲಾಸ್ಟಿಕ್ ಮಿಶ್ರಣ ಕೈಕೊಟ್ಟಾಗ ಎಲ್ಲಿ ನೋಡಬೇಕು

ಜನವರಿಯಲ್ಲಿ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ಬಂದು ನನ್ನ ಮೇಜಿನ ಮೇಲೆ ಒಂದು ಚೀಲ ಸುರಿದರು. ಎಲ್ಲ ಡ್ರಿಪ್ ಗ್ರೋಮೆಟ್‌ಗಳು. ಹನಿ ನೀರಾವರಿಯ ಪೈಪಿನ ತೂತಿಗೆ ಸೋರದ ಹಾಗೆ ಕೂರಿಸುವ ಉಂಗುರಗಳು. ಎಲ್ಲ ನಮ್ಮದೇ.

"ಭಾವ, ಇದೆಂತ ಮಾರಾಯ್ರೇ? ಕಳೆದ ವರ್ಷದ್ದು ಇವತ್ತಿಗೂ ಒಂದು ಹನಿ ಸೋರುವುದಿಲ್ಲ. ಇದು ಹಾಕಿ ತಿಂಗಳಾಗಲಿಲ್ಲ, ಪೈಪಿನ ತೂತಲ್ಲೇ ಕಾರಂಜಿ. ಅಳತೆ ಬದಲಾಯಿಸಿದ್ರಾ?"

ಬದಲಾಯಿಸಿರಲಿಲ್ಲ. ತಲೆನೋವು ಇದ್ದದ್ದೇ ಅಲ್ಲಿ. ನೂರಕ್ಕೆ 60 ಪಾಲು ರಬ್ಬರ್ ಶೀಟು, 40 ಪಾಲು ಎಲ್‌ಡಿಪಿಇ ದಾಣಾ, ಅಂದರೆ ಮೆತ್ತನೆ ಜಾತಿಯ ಪಾಲಿಥೀನಿನ ಕಾಳು. ಅದೇ ಗಂಧಕ, ಅದೇ ಜಿಂಕ್ ಆಕ್ಸೈಡ್, ರಬ್ಬರನ್ನು ಬೇಗ ಬೇಯಿಸುವ ಅದೇ ಆಕ್ಸಿಲರೇಟರ್. ಅದೇ ಅಚ್ಚು. ಸೀತಾಂಗೋಳಿ ಹತ್ತಿರದ ನಮ್ಮ ಶೆಡ್‌ನಲ್ಲಿ ಇರುವುದೇ ಮಾಲು ಕಲಸುವ ಒಂದು ನೀಡರ್, ಒಂದು ಎರಡು ರೋಲಿನ ಮಿಲ್, ಒಂದು ಇಂಜೆಕ್ಷನ್ ಮೆಶಿನ್. ಬದಲಾಗಲು ಅಲ್ಲಿ ಜಾಸ್ತಿ ಏನೂ ಇಲ್ಲ. ಆದರೂ ಹಳೆಯ ಗ್ರೋಮೆಟ್ ಹಿಚುಕಿದರೆ ಪುಟಿದು ಬರುತ್ತದೆ. ಹೊಸದು ಹಿಚುಕಿದಲ್ಲೇ ಇರುತ್ತದೆ.

ದೋಷ ಹುಡುಕಲು ನನಗೆ ಮೂರು ವಾರ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಣ್ಣೆಯ ವಿಷಯ

ಕೆನೆಯಲ್ಲಿ ನೀರು ಹೊರಗೆ, ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಳಗೆ. ಕಡೆದು ಬೆಣ್ಣೆ ಬಂದಾಗ ಅದು ತಿರುಗುಮುರುಗು. ಕೊಬ್ಬು ಹೊರಗೆ, ನೀರು ಹನಿಯಾಗಿ ಒಳಗೆ. ಇದ್ದದ್ದು ಅದೇ ಎರಡು ವಸ್ತು. ಆದರೆ ಒಂದನ್ನು ಲೋಟದಲ್ಲಿ ಕುಡಿಯಬಹುದು, ಇನ್ನೊಂದನ್ನು ಚಾಕುವಿನಿಂದ ಕತ್ತರಿಸಬಹುದು.

ರಬ್ಬರ್ ಮತ್ತು ಪ್ಲಾಸ್ಟಿಕ್ ಕಲಸಿದಾಗಲೂ ಹೀಗೇ. ಎರಡೂ ಉದ್ದುದ್ದ ಸರಪಳಿಯ ಅಣುಗಳು. ಸಕ್ಕರೆ ನೀರಲ್ಲಿ ಕರಗುವ ಹಾಗೆ ಇವು ಒಂದರಲ್ಲಿ ಒಂದು ಕರಗುವುದಿಲ್ಲ. ನೈಟ್ರೈಲ್ ರಬ್ಬರ್ ಮತ್ತು ಪಿವಿಸಿಯಂಥ ಕೆಲವು ಜೋಡಿಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ ನಿಜ. ನಮ್ಮ ನೈಸರ್ಗಿಕ ರಬ್ಬರ್ ಮತ್ತು ಪಾಲಿಥೀನ್ ಹಾಗಲ್ಲ. ಒಂದು ಸಮುದ್ರ ಆಗುತ್ತದೆ, ಇನ್ನೊಂದು ದ್ವೀಪ. ಕೆಲವೊಮ್ಮೆ ಎರಡೂ ಸ್ಪಂಜಿನ ಹಾಗೆ ಒಂದರೊಳಗೊಂದು ಹೆಣೆದುಕೊಂಡು, ಎರಡೂ ಸಮುದ್ರ ಆಗುವುದೂ ಉಂಟು.

ಇದರಿಂದ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಒಂದು ಲೆಕ್ಕ ನೋಡಿ. ಪ್ಲಾಸ್ಟಿಕಿನ ಬಿಗಿ 200 ಮೆಗಾಪಾಸ್ಕಲ್, ರಬ್ಬರಿನದ್ದು 2 ಅಂತ ಇಟ್ಟುಕೊಳ್ಳಿ. ಅರ್ಧಕ್ಕರ್ಧ ಕಲಸಿದ್ದೀರಿ. ಎಳೆಯುವ ದಿಕ್ಕಿನಲ್ಲಿ ಎರಡೂ ಅಕ್ಕಪಕ್ಕ ಉದ್ದಕ್ಕೆ ಇದ್ದರೆ ಭಾರವನ್ನು ಪ್ಲಾಸ್ಟಿಕ್ ಹೊರುತ್ತದೆ, ಬಿಗಿ 101 ಆಗುತ್ತದೆ. ಒಂದರ ಮೇಲೊಂದು ಪದರವಾಗಿ ಇದ್ದರೆ ರಬ್ಬರೇ ಹಿಗ್ಗುತ್ತದೆ, ಬಿಗಿ ಬರೀ 4. ಅಂದರೆ ಒಂದೇ ಅಳತೆಯಲ್ಲಿ 25 ಪಟ್ಟು ವ್ಯತ್ಯಾಸ. ನಿಜವಾದ ಮಿಶ್ರಣ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಅನ್ನುವುದನ್ನು ಹೇಳುವುದು ಒಳಗಿನ ಜೋಡಣೆ. ನಿಮ್ಮ ತೂಕದ ಚೀಟಿ ನೋಡಿದರೆ ಅದು ಗೊತ್ತಾಗುವುದಿಲ್ಲ.

ನಮ್ಮ ಗ್ರೋಮೆಟಿಗೆ ಬೇಕಾದ ಜೋಡಣೆ ಸ್ವಲ್ಪ ವಿಚಿತ್ರದ್ದು. ರಬ್ಬರ್ ಜಾಸ್ತಿ ಇದ್ದರೂ ಅದು ದ್ವೀಪವೇ ಆಗಿರಬೇಕು. ಬೆಂದ, ಅಂದರೆ ಗಂಧಕದಿಂದ ಸರಪಳಿಗಳು ಒಂದಕ್ಕೊಂದು ಕಟ್ಟಿಕೊಂಡ, ರಬ್ಬರಿನ ಅತಿ ಸಣ್ಣ ಕಣಗಳು, ಅವುಗಳ ನಡುವೆ ಪ್ಲಾಸ್ಟಿಕಿನ ತೆಳು ಪೊರೆ. ಪ್ಲಾಸ್ಟಿಕ್ ಹೊರಗಿರುವುದರಿಂದ ಅದನ್ನು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ಯಬಹುದು. ಪೊರೆ ತೆಳು ಇರುವುದರಿಂದ ರಬ್ಬರ್ ಕಣಗಳು ಅದನ್ನು ಎಳೆದು ಹಿಂದಕ್ಕೆ ತರುತ್ತವೆ. ಇದನ್ನು ಸಾಧಿಸುವುದು ಕಲಸುತ್ತಿರುವಾಗಲೇ ರಬ್ಬರನ್ನು ಬೇಯಿಸಿ. ಗಂಧಕದಿಂದ ರಬ್ಬರ್ ಬೇಯಿಸುವುದನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಪ್ಲಾಸ್ಟಿಕಿನ ಜೊತೆ ಕಲಸುತ್ತಲೇ ಬೇಯಿಸುವ ಉಪಾಯಕ್ಕೆ ಗೆಸ್ಲರ್ ಮತ್ತು ಜೊತೆಗಾರರ ಪೇಟೆಂಟ್ ಬಂದದ್ದು 1962ರಲ್ಲಿ. ಮುಂದೆ ಮೊನ್ಸಾಂಟೊ ಕಂಪನಿಯಲ್ಲಿ ಕೊರಾನ್ ಮತ್ತು ಪಟೇಲ್ ಇದನ್ನು ಕೂಲಂಕಷವಾಗಿ ನೋಡಿದರು. ಕಣ ಸಣ್ಣದಾದಷ್ಟೂ ವಸ್ತು ಗಟ್ಟಿ, ಹೆಚ್ಚು ಎಳೆತ ತಾಳುತ್ತದೆ ಅಂತ ತೋರಿಸಿದ್ದು ಅವರೇ. ಒಳ್ಳೆಯ ಮಾಲಿನಲ್ಲಿ ಕಣದ ಗಾತ್ರ 1ರಿಂದ 2 ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ನೀವೇ ಅಂದಾಜು ಮಾಡಿ.

ಏನನ್ನೂ ಮುಟ್ಟುವ ಮೊದಲು

ನಾನು ಮಾಡಿದ ತಪ್ಪು ಹೇಳುತ್ತೇನೆ. ಪುಟಿಯುವುದಿಲ್ಲ ಅಂದ ಕೂಡಲೇ ರಬ್ಬರ್ ಸರಿ ಬೆಂದಿಲ್ಲ ಅಂದುಕೊಂಡೆ. ಗಂಧಕ ಏರಿಸಿದೆ. ಗ್ರೋಮೆಟ್ ಮೊದಲಿಗಿಂತ ಒರಟಾಯಿತು, ಅಂಚು ಹರಿಯತೊಡಗಿತು, ಸೋರುವುದು ಮಾತ್ರ ನಿಲ್ಲಲಿಲ್ಲ. ಆಮೇಲೆ ದಾಣಾ ಕೊಟ್ಟವರಿಗೆ ಫೋನ್ ಮಾಡಿ ಜಗಳ ಮಾಡಿದೆ. ಅದರಲ್ಲಿ ಕಾಲು ಭಾಗ ಸತ್ಯ ಇತ್ತು, ಮುಕ್ಕಾಲು ನನ್ನದೇ ತಪ್ಪು.

ಅಳತೆ ಮುಟ್ಟಬೇಡಿ. ಮೊದಲು ಯಾವಾಗ ಅಂತ ಕೇಳಿ. ಕೆಟ್ಟ ಮಾಲು ಯಾವ ತಿಂಗಳು ಮಾಡಿದ್ದು? ದಿನದ ಯಾವ ಹೊತ್ತಿನದ್ದು? ಪ್ರತಿಯೊಂದೂ ಕೆಟ್ಟಿದೆಯೋ, ಹತ್ತರಲ್ಲಿ ಎರಡೋ? ಹರಿದದ್ದು ಪ್ರತಿ ಸಲ ಒಂದೇ ಜಾಗದಲ್ಲೋ? ನಮ್ಮ ಹುಡುಗ ಚೀಲದ ಮೇಲೆ ತಾರೀಕು ಬರೆಯುವ ಅಭ್ಯಾಸದವನು. ಅವನಿಂದ ಬದುಕಿದೆ. ಕೆಟ್ಟದ್ದೆಲ್ಲ ಸೆಪ್ಟೆಂಬರ್‌, ಅಕ್ಟೋಬರದ್ದು. ಡಿಸೆಂಬರಿನ ಮಾಲು ಅಷ್ಟು ಕೆಟ್ಟದಿರಲಿಲ್ಲ. ಈ ಒಂದು ವಿಷಯವನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಶೆಡ್ಡಿನಲ್ಲೇ ಮಾಡಬಹುದಾದ ಪರೀಕ್ಷೆ

ಮಡಚಿ ನೋಡಿ. ಗ್ರೋಮೆಟನ್ನು ಸೀಳಿ, ಹಿಂದುಮುಂದು ಹತ್ತು ಸಲ ಬಗ್ಗಿಸಿ. ಮಡಿಕೆಯಲ್ಲಿ ಬೆಳ್ಳಗಾದರೆ ಒಳಗೆ ಸಣ್ಣ ಸಣ್ಣ ಖಾಲಿ ಜಾಗ ಹುಟ್ಟುತ್ತಿದೆ ಅಂತ ಅರ್ಥ. ರಬ್ಬರ್ ಮತ್ತು ಪ್ಲಾಸ್ಟಿಕ್ ಒಂದನ್ನೊಂದು ಬಿಡುತ್ತಿರಬಹುದು. ಕಪ್ಪು ಹಾಕಿದ ಮಾಲಿನಲ್ಲಿ ಇದು ಅಷ್ಟು ಕಾಣುವುದಿಲ್ಲ, ಬೂದು ಬಣ್ಣ ನೋಡಬೇಕು. ಉಗುರಿನಿಂದ ಕೆದಕಿದಾಗ ಬಾಳೆದಿಂಡಿನ ಹಾಗೆ ಪದರ ಪದರವಾಗಿ ಸುಲಿದು ಬಂದರೆ ಇನ್ನೂ ದೊಡ್ಡ ಸುಳಿವು. ದಪ್ಪ ದಪ್ಪ ತುಂಡುಗಳು ಅಚ್ಚಿನ ಗೋಡೆಗೆ ಉಜ್ಜಿಕೊಂಡು ಹಾಳೆಯಾಗಿವೆ.

ಹಿಚುಕಿ ನೋಡಿ, ಆದರೆ ಬೆರಳಲ್ಲಿ ಅಲ್ಲ, ಅಳತೆಯಲ್ಲಿ. 6 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿ. ಎರಡು ಕಬ್ಬಿಣದ ಪಟ್ಟಿಯ ನಡುವೆ ಇಟ್ಟು, 4.5 ಮಿಲಿಮೀಟರಿನ ಅಡ್ಡಕಟ್ಟೆ ಕೊಟ್ಟು ಬೋಲ್ಟ್ ಬಿಗಿ ಮಾಡಿ. 70 ಡಿಗ್ರಿಯ ಓವನ್‌ನಲ್ಲಿ 22 ಗಂಟೆ ಇಡಿ. ಬಿಚ್ಚಿ ಅರ್ಧ ಗಂಟೆ ಬಿಟ್ಟು ವರ್ನಿಯರ್ ಹಿಡಿಯಿರಿ. ಹಳೆಯ ಮಾಲು 5.6ಕ್ಕೆ ಬಂತು. ಕುಗ್ಗಿಸಿದ 1.5ರಲ್ಲಿ 0.4 ಮರಳಲಿಲ್ಲ, ಅಂದರೆ 27 ಶೇಕಡಾ. ಸೆಪ್ಟೆಂಬರಿನ ಮಾಲು 5.0ರಲ್ಲೇ ನಿಂತಿತು. 67 ಶೇಕಡಾ. ಸೋರದೆ ಇನ್ನೇನು?

ಪೆಟ್ರೋಲಿನಲ್ಲಿ ನೆನೆಸಿ ನೋಡಿ. ಬೀಡಿ, ಸ್ವಿಚ್ಚು, ಬೆಂಕಿ ಎಲ್ಲದರಿಂದ ದೂರ, ಹೊರಗೆ ಗಾಳಿಯಲ್ಲಿ. ಬೇಯದ ರಬ್ಬರ್ ಪೆಟ್ರೋಲಿನಲ್ಲಿ ಕರಗುತ್ತದೆ. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಇದೇ ಜಾತಿಯದ್ದು. ಬೆಂದ ರಬ್ಬರ್ ಉಬ್ಬುತ್ತದೆ, ಕರಗುವುದಿಲ್ಲ. ಪಾಲಿಥೀನ್ ಸ್ವಲ್ಪ ಹೀರಿಕೊಂಡರೂ ಕರಗುವುದಿಲ್ಲ. ಹಾಗಾಗಿ ಈ ಒಂದು ಬಾಟಲಿ ಎರಡು ಪ್ರಶ್ನೆಗೆ ಉತ್ತರ ಕೊಡುತ್ತದೆ.

ತಯಾರಾದ ಗ್ರೋಮೆಟಿನ ತೆಳು ಚೂರು ಎರಡು ದಿನ ನೆನೆಸಿ. ಪೆಟ್ರೋಲ್ ಅಂಟಂಟಾದರೆ ರಬ್ಬರ್ ಬೆಂದಿಲ್ಲ, ಗಂಧಕದ ಕಡೆ ನೋಡಿ. ನನ್ನದು ಅಂಟಾಗಲಿಲ್ಲ. ಈ ಪರೀಕ್ಷೆ ಮೊದಲೇ ಮಾಡಿದ್ದರೆ ಗಂಧಕ ಏರಿಸುವ ಮೂರ್ಖತನ ಉಳಿಯುತ್ತಿತ್ತು.

ಇನ್ನೊಂದು ಚೂರು ಗಂಧಕ ಹಾಕುವ ಮೊದಲು ನೀಡರಿನಿಂದ ತೆಗೆದದ್ದು. ಇದು ಪೆಟ್ರೋಲಿನಲ್ಲಿ ಪುಡಿಪುಡಿಯಾಗಿ ಚೆದುರಿದರೆ ರಬ್ಬರ್ ಸಮುದ್ರ, ಪ್ಲಾಸ್ಟಿಕ್ ದ್ವೀಪ. ಆಕಾರ ಹಾಗೇ ಇದ್ದು ಹೆಚ್ಚುಕಮ್ಮಿ ಎಲ್ಲ ರಬ್ಬರೂ ಹೊರಗೆ ಬಂದರೆ ಎರಡೂ ಹೆಣೆದುಕೊಂಡಿವೆ. ಆಕಾರವೂ ಇದ್ದು ತೂಕವೂ ಅಷ್ಟೇನೂ ಇಳಿಯದಿದ್ದರೆ ರಬ್ಬರ್ ಒಳಗೆ ಸಿಕ್ಕಿಬಿದ್ದಿದೆ. ಒಣಗಿಸಿ ತೂಗಲು ಮರೆಯಬೇಡಿ.

ದಾಣಾವನ್ನು ಕಾವಲಿಯ ಮೇಲೆ ಇಟ್ಟು ನೋಡಿ. ಎಲ್‌ಡಿಪಿಇ ಸುಮಾರು 110 ಡಿಗ್ರಿಗೆ ಕರಗುತ್ತದೆ, ಗಟ್ಟಿ ಜಾತಿಯ ಪಾಲಿಥೀನ್ ಎಚ್‌ಡಿಪಿಇ 130ರ ಹತ್ತಿರ, ಪಾಲಿಪ್ರೊಪಿಲೀನ್ 165ರ ಹತ್ತಿರ. ಕಾವಲಿ 140ರಲ್ಲಿದ್ದೂ ಕಾಳಿನ ಹಾಗೆ ಗಟ್ಟಿ ಉಳಿದದ್ದು ಕಂಡರೆ ಯಾರೋ ಕಲಬೆರಕೆ ಮಾಡಿದ್ದಾರೆ. ಪಾಲಿಥೀನಿಗೂ ಪಾಲಿಪ್ರೊಪಿಲೀನಿಗೂ ಕೂಡ ಹೊಂದುವುದಿಲ್ಲ, ಹೆಸರು ಒಂದೇ ತರ ಇದ್ದರೂ. ನೀರಿನಲ್ಲಿ ತೇಲಿಸಿ ಗುರುತಿಸುತ್ತೇನೆ ಅನ್ನುವವರಿದ್ದಾರೆ. ಸುಮ್ನೆ. ಪಾಲಿಥೀನ್, ಪಾಲಿಪ್ರೊಪಿಲೀನ್, ನೈಸರ್ಗಿಕ ರಬ್ಬರ್ ಮೂರೂ ನೀರಿಗಿಂತ ಹಗುರ. ಮೂರೂ ತೇಲುತ್ತವೆ. ಪಿವಿಸಿ ಮುಳುಗುತ್ತದೆ, ಅಷ್ಟಕ್ಕೆ ಮಾತ್ರ ಬಾಲ್ದಿ ಸಾಕು.

ಕೊನೆಯದು ತಣ್ಣಗೆ ಮಾಡಿ ಮುರಿಯುವುದು. ಇದಕ್ಕೆ ದ್ರವ ಸಾರಜನಕ ಬೇಕು, ಮೈನಸ್ 196 ಡಿಗ್ರಿ. ದೊಡ್ಡ ಲ್ಯಾಬ್ ಬೇಕು ಅಂದುಕೊಳ್ಳಬೇಡಿ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಕ್ಯಾನಿನಲ್ಲಿ ಇರುವುದು ಅದೇ. ಪರಿಚಯದವರು ಒಂದು ಸೌಟಿನಷ್ಟು ಕೊಟ್ಟರು. ದಪ್ಪ ಕೈಗವಸು ಬೇಕು, ಮುಚ್ಚಳ ಬಿಗಿಯುವ ಪಾತ್ರೆಗೆ ಹಾಕಲೇಬಾರದು, ಬಾಗಿಲು ತೆರೆದಿರಬೇಕು. ನೈಸರ್ಗಿಕ ರಬ್ಬರ್ ಸುಮಾರು ಮೈನಸ್ 70ರ ಕೆಳಗೆ ಗಾಜಿನ ಹಾಗಾಗುತ್ತದೆ. ಆಗ ಸುತ್ತಿಗೆಯಲ್ಲಿ ಬಡಿದರೆ ಎಳೆದುಕೊಳ್ಳದೆ ಟಪ್ ಅಂತ ಮುರಿಯುತ್ತದೆ, ಒಳಗಿನ ನಕ್ಷೆ ಹಾಗೇ ಉಳಿಯುತ್ತದೆ. ಮುರಿದ ಮುಖವನ್ನು ಸ್ವಲ್ಪ ಹೊತ್ತು ಪೆಟ್ರೋಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹಳೆಯ ಮಾಲು ನುಣುಪು. ಎರಡು ಮೈಕ್ರಾನ್ ಭೂತಗನ್ನಡಿಗೆ ಸಿಕ್ಕುವುದಿಲ್ಲ, ಹಾಗಾಗಿ ಏನೂ ಕಾಣದಿರುವುದೇ ಒಳ್ಳೆಯ ಸುದ್ದಿ. ಸೆಪ್ಟೆಂಬರಿನ ಮಾಲಿನಲ್ಲಿ ರಬ್ಬರ್ ಉಂಡೆಗಳು ಉಬ್ಬಿ ಹಲಸಿನ ಸಿಪ್ಪೆಯ ಹಾಗೆ ಎದ್ದು ನಿಂತಿದ್ದವು.

ರಬ್ಬರ್ ಬೆಂದಿದೆ. ಆದರೆ ಉಂಡೆ ಉಂಡೆಯಾಗಿ ಬೆಂದಿದೆ. ಉಂಡೆಗಳ ನಡುವೆ ಪ್ಲಾಸ್ಟಿಕ್ ದಪ್ಪ ಕೂತಿದೆ. ಹಿಚುಕಿದಾಗ ಆ ದಪ್ಪ ಪ್ಲಾಸ್ಟಿಕ್ ಬಗ್ಗಿ ಅಲ್ಲೇ ಉಳಿಯುತ್ತದೆ.

ಉಂಡೆ ಯಾಕೆ ಒಡೆಯಲಿಲ್ಲ

ಕಡಲೆ ಹಿಟ್ಟು ಕಲಸುವವರಿಗೆ ಗೊತ್ತು. ಮೊದಲೇ ನೀರು ಜಾಸ್ತಿ ಹಾಕಿದರೆ ಗಂಟು ಒಡೆಯುವುದಿಲ್ಲ, ಸೌಟಿನಿಂದ ಜಾರಿ ಜಾರಿ ಹೋಗುತ್ತದೆ. ಗಟ್ಟಿಯಾಗಿ ಕಲಸಿ ಗಂಟು ಒಡೆದು ಆಮೇಲೆ ನೀರು ಬಿಡಬೇಕು. ನೀಡರಿನಲ್ಲೂ ಅಷ್ಟೇ. ಹೊರಗಿನದು ತೆಳು, ಒಳಗಿನ ಉಂಡೆ ಗಟ್ಟಿ ಇದ್ದರೆ ತಿರುಗಿಸಿದ್ದೆಲ್ಲ ವ್ಯರ್ಥ. 1982ರಲ್ಲಿ ಗ್ರೇಸ್ ಅನ್ನುವವರು ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. ಬರೀ ಉಜ್ಜುವ ಹರಿವಿನಲ್ಲಿ, ಹನಿಯ ಮಂದತನ ಹೊರಗಿನದಕ್ಕಿಂತ ಸುಮಾರು 4 ಪಟ್ಟು ದಾಟಿದರೆ ಹನಿ ಒಡೆಯುವುದೇ ಇಲ್ಲ. ಎಷ್ಟು ಹೊತ್ತು ತಿರುಗಿಸಿದರೂ. ಎಳೆಯುವ ಹರಿವು ಸಿಕ್ಕಿದರೆ ಮಾತ್ರ ಒಡೆಯುತ್ತದೆ.

ನಮ್ಮಲ್ಲಿ ಎರಡೂ ಕಡೆಯಿಂದ ಏಟು ಬಿದ್ದಿತ್ತು.

ರಬ್ಬರ್ ಶೀಟು ನಾವು ತರಿಸುವುದು ರಾಜಪುರ, ಪಾಣತ್ತೂರಿನ ಮಲೆಯ ಕಡೆಯಿಂದ. ಜೂನಿನ ಮಳೆ ಶುರುವಾದರೆ ಮರಕ್ಕೆ ಮಳೆಯ ಮರೆ ಕಟ್ಟದವರು ಟ್ಯಾಪಿಂಗ್ ನಿಲ್ಲಿಸುತ್ತಾರೆ. ಬೆಲೆ ಏರೀತು ಅಂತ ನಾನು ಜನವರಿಯಲ್ಲೇ ಒಟ್ಟಿಗೆ ಕೊಂಡು ಒಳಗೆ ಇಟ್ಟಿದ್ದೆ. ನೈಸರ್ಗಿಕ ರಬ್ಬರಿಗೆ ಇಟ್ಟಲ್ಲೇ ಬಿಗಿಯಾಗುವ ಗುಣ ಇದೆ. ಸರಪಳಿಯ ಮೇಲೆ ಅಲ್ಲಲ್ಲಿ ಇರುವ ಬೇರೆ ಜಾತಿಯ ಕೊಂಡಿಗಳು ತಮ್ಮಷ್ಟಕ್ಕೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಎಂಟು ತಿಂಗಳು ಇಟ್ಟ ಶೀಟು ಸೆಪ್ಟೆಂಬರಿಗೆ ತಾಜಾ ಶೀಟಿಗಿಂತ ಎಷ್ಟೋ ಗಟ್ಟಿಯಾಗಿತ್ತು. ಹೊರಗೆ ನೋಡಿದರೆ ಅದೇ ಹಳದಿ, ಅದೇ ಹೊಗೆಯ ವಾಸನೆ. ಡಿಸೆಂಬರಿನ ಮಾಲು ಅಷ್ಟು ಕೆಡದ್ದು ಯಾಕೆ ಅಂತ ಈಗ ತಿಳಿಯಿತಲ್ವಾ? ಆಗ ಹೊಸ ಶೀಟು ಬಂದಿತ್ತು.

ಇನ್ನೊಂದು ಏಟು ದಾಣಾದ್ದು. ಮೊದಲು ಬರುತ್ತಿದ್ದದ್ದು ಫಿಲ್ಮ್ ದರ್ಜೆಯದ್ದು. ಮಧ್ಯೆ ಬಂದದ್ದು ಮುಚ್ಚಳ ಹೊಯ್ಯುವ ದರ್ಜೆ. ಎರಡೂ ಎಲ್‌ಡಿಪಿಇಯೇ, ಕಾವಲಿಯಲ್ಲಿ ಎರಡೂ 110ಕ್ಕೇ ಕರಗುತ್ತವೆ. ಆದರೆ ಹರಿವಿನ ಅಂಕಿ, ಅಂದರೆ ಎಂಎಫ್‌ಐ, ಬೇರೆ. 190 ಡಿಗ್ರಿಯಲ್ಲಿ 2.16 ಕಿಲೋ ಭಾರ ಇಟ್ಟಾಗ 10 ನಿಮಿಷಕ್ಕೆ ಎಷ್ಟು ಗ್ರಾಂ ಹರಿಯುತ್ತದೆ ಅನ್ನುವ ಲೆಕ್ಕ ಅದು. ಫಿಲ್ಮಿನದ್ದು ಒಂದಂಕಿಯಲ್ಲಿರುತ್ತದೆ, ಮುಚ್ಚಳದ್ದು ಹತ್ತಾರು. ಚೀಲದ ಮೇಲೆ ಬರೆದೇ ಇತ್ತು. ನಾನು ನೋಡಿರಲಿಲ್ಲ. ಇದೇ ಆ ಕಾಲು ಭಾಗ ಸತ್ಯ.

ಈ ಎರಡಕ್ಕೂ ಮೇಲೆ ಗಡಿಯಾರದ ತಪ್ಪು. ಗಂಧಕ ಹಾಕುವುದು ಆರನೆಯ ನಿಮಿಷಕ್ಕೆ ಅಂತ ನಾನೇ ಗೋಡೆಯ ಮೇಲೆ ಬರೆದಿದ್ದೆ. ತಾಜಾ ಶೀಟಿಗೆ ಅದು ಸರಿ. ಗಟ್ಟಿ ಶೀಟು ಆರು ನಿಮಿಷಕ್ಕೆ ಇನ್ನೂ ಉಂಡೆಯಾಗಿಯೇ ಇತ್ತು. ಗಂಧಕ ಬಿದ್ದ ಕೂಡಲೇ ಉಂಡೆ ಉಂಡೆಯಾಗಿಯೇ ಬೆಂದಿತು. ಒಮ್ಮೆ ಬೆಂದ ಮೇಲೆ ಯಾವ ದೇವರು ಬಂದರೂ ಸಣ್ಣ ಮಾಡಲಾರ.

ಸರಿಮಾಡಿದ್ದು ಹೀಗೆ

ಈಗ ಶೀಟನ್ನು ಮೊದಲು ಮಿಲ್ಲಿನಲ್ಲಿ ಚೆನ್ನಾಗಿ ಹದ ಮಾಡುತ್ತೇವೆ. ರೋಲಿನೊಳಗೆ ತಣ್ಣೀರು ಹರಿಯುತ್ತಿರಬೇಕು, ಸಂದು ಬಿಗಿ ಇರಬೇಕು. ಇಲ್ಲೊಂದು ಮೋಸ ಇದೆ. ರೋಲು ಬಿಸಿಯಾದರೆ ರಬ್ಬರ್ ಬೇಗ ಮೆತ್ತಗಾದ ಹಾಗೆ ಕಾಣುತ್ತದೆ, ಕೆಲಸದವರಿಗೆ ಸುಲಭ. ಆದರೆ ಅದು ಬರೀ ಬಿಸಿಯ ಮೆತು, ತಣಿದರೆ ಮತ್ತೆ ಬಿಗಿ. ಸರಪಳಿ ತುಂಡಾಗುವುದು ತಣ್ಣಗಿದ್ದು ಎಳೆದಾಡಿದಾಗ. 100 ಡಿಗ್ರಿಯ ಹತ್ತಿರ ತುಂಡಾಗುವುದು ತೀರಾ ಕಡಿಮೆ.

ದಾಣಾ ಫಿಲ್ಮ್ ದರ್ಜೆಯದ್ದೇ ಬೇಕು ಅಂತ ಬರೆದು ಕೊಟ್ಟೆವು.

ಗೋಡೆಯ ಮೇಲಿನ ಆರು ನಿಮಿಷ ಅಳಿಸಿದೆ. ಈಗ ನೋಡುವುದು ನೀಡರಿನ ಆಂಪಿಯರ್ ಮೀಟರಿನ ಮುಳ್ಳು. 150 ಡಿಗ್ರಿಯಲ್ಲಿ ದಾಣಾ ಕರಗಿದಾಗ ಮುಳ್ಳು ಇಳಿಯುತ್ತದೆ. ರಬ್ಬರ್ ಹಾಕಿದಾಗ ಏರುತ್ತದೆ, ಆಮೇಲೆ ಮೆಲ್ಲ ಇಳಿದು ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೂ ಒಂದೆರಡು ನಿಮಿಷ ಬಿಟ್ಟು ಗಂಧಕ, ಆಕ್ಸಿಲರೇಟರ್. ಮುಳ್ಳು ಮತ್ತೆ ಏರುತ್ತದೆ, ಅದು ಬೇಯುವ ಗುರುತು. ಏರಿ ನಿಂತ ಮೇಲೆ ಇನ್ನೂ ಎರಡು ಮೂರು ನಿಮಿಷ ತಿರುಗಿಸಲೇಬೇಕು. ಮೊದಲ ಬಾರಿ ಹೀಗೆ ಮಾಡಿದಾಗ ಹಳೆಯ ಗಟ್ಟಿ ಶೀಟಿಗೇ ಹತ್ತು ನಿಮಿಷ ದಾಟಿತು. ಆ ಮಾಲಿನ ಬಿಲ್ಲೆ 5.5ಕ್ಕೆ ಬಂತು.

ಎರಡನ್ನೂ ಅಂಟಿಸುವ ಮೂರನೆಯ ವಸ್ತು ಹಾಕಬಾರದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಮೇಲಿಕ್ ಆನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಥೀನ್ ಸಿಗುತ್ತದೆ. ಜೊತೆಗೆ ರಬ್ಬರಿನ ಕಡೆಯಿಂದಲೂ ಅದನ್ನು ಹಿಡಿಯುವ ಕೈ ಬೇಕು, ಎಪಾಕ್ಸಿ ಮಾಡಿದ ನೈಸರ್ಗಿಕ ರಬ್ಬರಿನ ಹಾಗೆ. ಈ ಮೂರನೆಯ ವಸ್ತು ಹನಿಗಳ ಮೇಲ್ಮೈಗೆ ಹೋಗಿ ಕೂತು ಒಂದಕ್ಕೊಂದು ಸೇರದ ಹಾಗೆ ತಡೆಯುತ್ತದೆ. ಆದರೆ ಕಲಸುವುದೇ ಸರಿಯಿಲ್ಲದಿದ್ದಾಗ ಇದನ್ನು ಸುರಿಯುವುದು ದುಡ್ಡು ಸುರಿದ ಹಾಗೆ.

ಇದೇ ರೋಗದ ಹಾಗೆ ಕಾಣುವ ಬೇರೆ ರೋಗಗಳು

ಗ್ರೋಮೆಟ್ ಪ್ರತಿ ಸಲವೂ ಗೇಟಿನ, ಅಂದರೆ ಅಚ್ಚಿಗೆ ಮಾಲು ಒಳಗೆ ಬರುವ ಬಾಯಿಯ, ಎದುರು ಬದಿಯಲ್ಲೇ ಸೀಳಿದರೆ ಕಲಸಿದವರನ್ನು ಬೈಯಬೇಡಿ. ಉಂಗುರದ ಅಚ್ಚಿನಲ್ಲಿ ಮಾಲು ಎರಡು ಕಡೆಯಿಂದ ಸುತ್ತಿ ಬಂದು ಅಲ್ಲಿ ಕೂಡುತ್ತದೆ. ತಣಿದು ಬಂದರೆ ಕೂಡುವುದಿಲ್ಲ. ಅಚ್ಚು, ಬ್ಯಾರೆಲ್ ಬಿಸಿ ಮಾಡಿ.

ಬೇಯಿಸದ ಮಿಶ್ರಣದಲ್ಲಿ ಮ್ಯಾಟ್ ಮಾಡುವವರಿಗೆ ಬೇರೆ ಕಾಟ. ಊಟದ ನಂತರದ ಮೊದಲ ಹತ್ತು ಹದಿನೈದು ಮ್ಯಾಟ್ ಸುಲಿದು ಬರುತ್ತದೆ, ಆಮೇಲಿನದ್ದು ಸರಿ. ಬ್ಯಾರೆಲಿನಲ್ಲಿ ಬಿಸಿಯಾಗಿ ನಿಂತಾಗ ಸಣ್ಣ ಹನಿಗಳು ಸೇರಿ ದೊಡ್ಡದಾಗಿವೆ, ಸಾರಿನ ಮೇಲಿನ ಎಣ್ಣೆಯ ಹಾಗೆ. ನಿಂತ ಮಾಲನ್ನು ಹೊರಗೆ ತಳ್ಳಿ ಬಿಡಿ. ಬೆಂದ ಕಣಗಳಿಗೆ ಈ ಕಾಟ ಇಲ್ಲ.

ಗಂಧಕ ಹಾಕಿದ ಮೇಲೆ ಕರೆಂಟು ಹೋದರೆ ಆ ಘಾಣ ಹೋಯಿತು ಅಂತಲೇ ಲೆಕ್ಕ. ನಿಂತಲ್ಲೇ ಬೆಂದ ರಬ್ಬರ್ ಒಂದೇ ಬಲೆಯಾಗುತ್ತದೆ, ಮತ್ತೆ ಕರಗುವುದಿಲ್ಲ.

ಎಳೆತಕ್ಕೆ ಅಡ್ಡವಾಗಿ ಸಣ್ಣ ಸಣ್ಣ ಬಿರುಕು ಸಾಲಾಗಿ ಕಂಡರೆ ಅದು ಗಾಳಿಯಲ್ಲಿರುವ ಓಝೋನ್ ಅನಿಲದ ಕೆಲಸ. ಪ್ಲಾಸ್ಟಿಕ್ ಹೊರಗಿದ್ದರೆ ಇಂಥ ಬಿರುಕು ಓಡಲಾರದು. ಓಡಿದೆ ಅಂದರೆ ಎಲ್ಲೋ ರಬ್ಬರ್ ಸಮುದ್ರವಾಗಿದೆ, ಮತ್ತೆ ಪೆಟ್ರೋಲ್ ಬಾಟಲಿಗೆ ಹೋಗಿ. ಬಿಸಿಲಿಗೆ ಮೇಲ್ಮೈ ಪುಡಿಯೇಳುವುದು ಬೇರೆ. ಅದಕ್ಕೆ 2ರಿಂದ 3 ಶೇಕಡಾ ಕಾರ್ಬನ್ ಬ್ಲ್ಯಾಕ್ ಮಸಿ ಬೇಕು, ಅದೂ ಮೊದಲು ಪಾಲಿಥೀನಿನಲ್ಲೇ ಕಲಸಿದ್ದು. ರಬ್ಬರಿನಲ್ಲಿ ಕಲಸಿ ತಂದರೆ ಬಹುಪಾಲು ಅಲ್ಲೇ ಕೂತು ಬಿಡಬಹುದು.

ಒಳಗೆ ಗುಳ್ಳೆ ಕಂಡರೆ ಶೀಟು ಒದ್ದೆ. ಜುಲೈಯಲ್ಲಿ ನಮ್ಮೂರಲ್ಲಿ ಒಣಗುವುದಾದರೂ ಯಾವುದು?

ಪೆರ್ಲದ ಭಾವನಿಗೆ ಹೊಸ ಗ್ರೋಮೆಟ್ ಫೆಬ್ರವರಿಯಲ್ಲಿ ಕೊಟ್ಟೆ. ವಾಪಸ್ ಬಂದ ಹಳೆಯದ್ದನ್ನು ಗ್ರೈಂಡರಿಗೆ ಹಾಕಿ ಕರಗಿಸಿ ಪಂಪಿನ ಅಡಿಗೆ ಇಡುವ ದಪ್ಪ ಹಲಗೆ ಹೊಯ್ದೆವು. ಪ್ಲಾಸ್ಟಿಕ್ ಹೊರಗೇ ಇದ್ದದ್ದರಿಂದ ಅಷ್ಟಾದರೂ ಆಯಿತು. ಪಂಪಿನ ಅಡಿಯಲ್ಲಿ ಅದು ಪುಟಿಯುವುದು ಯಾರಿಗೂ ಬೇಡ.